ಹಳೆಯ ಬೀಡಿನ ವಾಫಲ್ ಅಚ್ಚು: ಹಲ್ಲು ಸವೆಸದೆ ತುಕ್ಕು, ಕಿಟ್ಟ ಬಿಡಿಸುವ ಬಗೆ

ಬೀಡಿನ ದೋಸೆ ಕಾವಲಿ ತುಕ್ಕು ಹಿಡಿದರೆ ಸರಿಮಾಡುವುದು ಕಷ್ಟವಲ್ಲ. ಮೈ ಸಪಾಟಾಗಿರುತ್ತದೆ, ಉಜ್ಜಿದರೆ ಕೈಗೆ ಎಟುಕುತ್ತದೆ, ಎಣ್ಣೆ ಹೆಚ್ಚಾದರೆ ಒಂದು ಸಲ ಬಟ್ಟೆಯಾಡಿಸಿದರೆ ಹೋಗುತ್ತದೆ. ವಾಫಲ್ ಅಚ್ಚು, ಅಂದರೆ ಎರಡು ತಟ್ಟೆಗಳ ನಡುವೆ ಹಿಟ್ಟು ಹುಯ್ದು ವಾಫಲ್ ಎಂಬ ಚೌಕ ಗುಳಿಗಳ ತಿಂಡಿ ಬೇಯಿಸುವ ಸಾಧನ, ಹಾಗಲ್ಲ. ಒಂದೊಂದು ತಟ್ಟೆಯಲ್ಲೂ ಸಾಲು ಸಾಲು ಚೌಕದ ಹಲ್ಲುಗಳು, ಅವುಗಳ ನಡುವೆ ಉದ್ದಕ್ಕೂ ಅಡ್ಡಕ್ಕೂ ಓಡುವ ಕಾಲುವೆಗಳು. ಪ್ರತಿ ಹಲ್ಲಿನ ಬುಡದಲ್ಲಿ ನಾಲ್ಕು ಮೂಲೆ. ಕಿಟ್ಟ ಕೂರುವುದೂ ಅಲ್ಲೇ, ನೀರು ನಿಂತು ತುಕ್ಕಾಗುವುದೂ ಅಲ್ಲೇ, ಪಳಗಿಸುವಾಗ ಎಣ್ಣೆ ಮಡುಗಟ್ಟುವುದೂ ಅಲ್ಲೇ. ಹಳೆಯ ಅಚ್ಚನ್ನು ಕೆಡಿಸಿಕೊಳ್ಳುವವರು ಬಹುತೇಕ ಎರಡು ಕಡೆ ಎಡವುತ್ತಾರೆ: ಕಿಟ್ಟ ಬಿಡಿಸುವಾಗ ಅವಸರಪಟ್ಟು ಹಲ್ಲನ್ನೇ ಉಜ್ಜಿ ಸವೆಸುವುದು, ಪಳಗಿಸುವಾಗ ಎಣ್ಣೆಯನ್ನು ಒರೆಸಿ ತೆಗೆಯದೆ ಬಿಡುವುದು. ಹಾಗಾಗಿ ಈ ಬರಹದ ಹೆಚ್ಚು ಭಾಗ ಆ ಮೂಲೆಗಳ ಬಗ್ಗೆಯೇ ಇದೆ.

ಇಲ್ಲಿ ಹೇಳುತ್ತಿರುವುದು ಒಲೆಯ ಮೇಲಿಟ್ಟು ತಿರುಗಿಸುವ ಅಮೆರಿಕದ ಬೀಡಿನ ಅಚ್ಚುಗಳ ವಿಷಯ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಅವರಿಗೆ ಇಂಥ ಅಚ್ಚಿಗೆ ಪೇಟೆಂಟ್ ಸಿಕ್ಕಿದ್ದು 1869ರ ಆಗಸ್ಟ್ 24ರಂದು. ಆಮೇಲಿನ ದಶಕಗಳಲ್ಲಿ ಪೆನ್ಸಿಲ್ವೇನಿಯದ ಈರಿ ಊರಿನ ಗ್ರಿಸ್ವೋಲ್ಡ್, ಓಹಾಯೊದ ಸಿಡ್ನಿಯ ವ್ಯಾಗ್ನರ್, ಇಲಿನಾಯ್‌ನ ಫ್ರೀಪೋರ್ಟಿನ ಸ್ಟೋವರ್ ಮುಂತಾದ ಎರಕದ ಕಾರ್ಖಾನೆಗಳು ಇವನ್ನು ರಾಶಿಗಟ್ಟಲೆ ತಯಾರಿಸಿದವು. ಅಲ್ಲಿನ ಕನ್ನಡಿಗರಿಗೆ ಎಸ್ಟೇಟ್ ಸೇಲ್ (ತೀರಿಕೊಂಡವರ ಮನೆ ಸಾಮಾನಿನ ಮಾರಾಟ), ಗರಾಜ್ ಸೇಲ್ (ಮನೆಯವರೇ ಹಳೆ ಸಾಮಾನು ಮಾರುವುದು), ಹಳೆ ಸಾಮಾನಿನ ಅಂಗಡಿಗಳಲ್ಲಿ ಎದುರಾಗುವುದು ಹೆಚ್ಚಾಗಿ ಇವೇ.

ತಟ್ಟೆಯ ಹಿಂಭಾಗದಲ್ಲಿ ಎರಕದಲ್ಲೇ ಮೂಡಿಸಿದ ತಾರೀಖು ಕಂಡರೆ ಅದು ತಯಾರಾದ ದಿನ ಅಂದುಕೊಳ್ಳಬೇಡಿ. ಗ್ರಿಸ್ವೋಲ್ಡ್ ಅಚ್ಚುಗಳಲ್ಲಿ ಸಾಮಾನ್ಯವಾಗಿ ಕಾಣುವ 1908ರ ಡಿಸೆಂಬರ್ 1, ವ್ಯಾಗ್ನರ್‌ನ 1910ರ ಫೆಬ್ರವರಿ 22, ಇವೆಲ್ಲ ಪೇಟೆಂಟ್ ತಾರೀಖುಗಳು. ಅದೇ ತಾರೀಖು ಹೊತ್ತ ಅಚ್ಚುಗಳು ಮುಂದೆ ಎಷ್ಟೋ ವರ್ಷ ತಯಾರಾದವು. ‘8’ ಎಂಬ ನಂಬರೂ ಇಂಚಿನ ಲೆಕ್ಕವಲ್ಲ. ಸೌದೆ ಒಲೆಯ ಮೇಲಿನ ಬಾಯಿಯ ಅಳತೆಯ ನಂಬರು ಅದು. ನಂಬರ್ 8ರ ತಟ್ಟೆ ಅಡ್ಡಗಲದಲ್ಲಿ ಸುಮಾರು ಏಳೂವರೆ ಇಂಚು ಬರುತ್ತದೆ.

ಕೊಳ್ಳುವ ಮೊದಲು

ಅಚ್ಚಿನಲ್ಲಿ ಮೂರು ಭಾಗ: ಎರಡು ತಟ್ಟೆ, ಒಂದು ತಳದ ಬಳೆ. ತಟ್ಟೆಗಳ ಒಂದು ತುದಿಯಲ್ಲಿ ಅರ್ಧರ್ಧ ಗುಂಡು ಇದ್ದು, ಮುಚ್ಚಿದಾಗ ಎರಡೂ ಸೇರಿ ಪೂರ್ತಿ ಗುಂಡಾಗುತ್ತದೆ. ಆ ಗುಂಡು ಬಳೆಯ ಅಂಚಿನ ಗುಳಿಯಲ್ಲಿ ಕೂರುತ್ತದೆ. ಹಿಡಿ ಹಿಡಿದು ಮಗುಚಿದರೆ ಇಡೀ ಅಚ್ಚು ಆ ಗುಂಡಿನ ಮೇಲೆ ತಿರುಗುತ್ತದೆ. ಬೇರೆ ಕಾರ್ಖಾನೆಗಳ ಕೀಲು ಸ್ವಲ್ಪ ಬೇರೆ ಇರಬಹುದು, ತತ್ವ ಇದೇ.

ಮೊದಲು ನೋಡಬೇಕಾದದ್ದು ತುಕ್ಕನ್ನಲ್ಲ, ಕೀಲನ್ನು. ಅರ್ಧಗುಂಡು ಮುರಿದಿದ್ದರೆ, ಬಳೆಯ ಗುಳಿಯ ಪಕ್ಕ ಕೂದಲೆಳೆಯಷ್ಟು ಬಿರುಕಿದ್ದರೆ ಬಿಟ್ಟುಬಿಡಿ. ಬೀಡಿನೊಳಗೆ ಗ್ರಾಫೈಟ್ ಪದರಪದರವಾಗಿ ಹರಡಿರುತ್ತದೆ. ಬಿರುಕು ಆ ಪದರಗಳನ್ನು ಹಿಡಿದುಕೊಂಡೇ ಮುಂದುವರಿಯುತ್ತದೆ, ಬಿಸಿಗೆ ಇನ್ನಷ್ಟು ಬೆಳೆಯುತ್ತದೆ. ತಟ್ಟೆಯನ್ನು ಹಿಡಿಯಿಂದ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಬೀಡು ಗಂಟೆಯಂತೆ ಎಳೆದು ನಾದ ಕೊಡುತ್ತದೆ, ಬಿರುಕಿದ್ದದ್ದು ಒಡಕು ದನಿಯಲ್ಲಿ ಥಟ್ಟೆಂದು ನಿಲ್ಲುತ್ತದೆ. ದಪ್ಪ ಕಿಟ್ಟ ಮೆತ್ತಿದ್ದರೂ ದನಿ ಮಂಕಾಗುವುದರಿಂದ ಇದೊಂದನ್ನೇ ನಂಬಬಾರದು, ಬಿರುಕನ್ನು ಕಣ್ಣಿನಿಂದಲೂ ಹುಡುಕಬೇಕು.

ಎರಡನೆಯದು, ತಟ್ಟೆಗಳು ಒಂದೇ ಜೋಡಿಯವೇ ಎಂಬುದು. ನೂರು ವರ್ಷದಲ್ಲಿ ಒಂದು ಮನೆಯ ಮೇಲ್ತಟ್ಟೆ ಇನ್ನೊಂದು ಮನೆಯ ಕೆಳತಟ್ಟೆಗೆ ಸೇರಿರುವುದು ಹೊಸದೇನಲ್ಲ. ಮುಚ್ಚಿ, ಬೆಳಕಿಗೆ ಹಿಡಿದು, ಅಂಚಿನ ಸುತ್ತ ನೋಡಿ. ಸಂದು ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಬಾಯಿ ಬಿಟ್ಟಿದ್ದರೆ ಜೋಡಿ ತಪ್ಪಿದೆ, ಇಲ್ಲವೇ ತಟ್ಟೆ ಸೊಟ್ಟಗಾಗಿದೆ. ಹಿಟ್ಟು ಅಲ್ಲಿಂದಲೇ ಒಲೆಗೆ ಸೋರುತ್ತದೆ. ಸೊಟ್ಟಗಾದ ಬೀಡನ್ನು ನೆಟ್ಟಗೆ ಮಾಡಲು ಬರುವುದಿಲ್ಲ.

ಮೂರನೆಯದು ತುಕ್ಕು. ಬೆರಳಿಗೆ ಪುಡಿಯಾಗಿ ಅಂಟುವ ಕಿತ್ತಳೆ ತುಕ್ಕು ಎಷ್ಟಿದ್ದರೂ ಹೆದರಬೇಕಿಲ್ಲ. ಹಲ್ಲಿನ ಪಕ್ಕದ ಗೋಡೆಗಳಲ್ಲಿ ಸಾಸಿವೆ ಕಾಳಿನಂಥ ಕುಳಿ ಬಿದ್ದಿದ್ದರೆ ಮಾತ್ರ ಬೇಡ. ವಾಫಲ್ ಆ ಕುಳಿಯನ್ನು ಪ್ರತಿ ಸಲವೂ ಕಚ್ಚಿಕೊಳ್ಳುತ್ತದೆ. ಎಷ್ಟು ಪಳಗಿಸಿದರೂ ಏಳುವುದಿಲ್ಲ. ತಟ್ಟೆಯ ಮೈ ಒಂಥರಾ ಚೆಂಬಣ್ಣಕ್ಕೆ ತಿರುಗಿ ಒರಟೊರಟಾಗಿದ್ದರೆ ಅದನ್ನು ಯಾರೋ ಬೆಂಕಿಗೆ ಹಾಕಿ ಕಿಟ್ಟ ಸುಟ್ಟಿದ್ದಾರೆ ಎಂದರ್ಥ. ಅಂಥ ಮೈಗೆ ಎಣ್ಣೆಯ ಪದರ ಹಿಡಿಯುವುದಿಲ್ಲ, ಪದೇ ಪದೇ ಬಿಡುತ್ತದೆ.

ಇನ್ನೊಂದು ವಿಷಯ ಮರೆಯಬಾರದು. ಹಳೆಯ ಬೀಡಿನ ಪಾತ್ರೆಗಳಲ್ಲಿ ಸೀಸ ಕರಗಿಸಿ ಗುಂಡು, ಮೀನಿನ ಗಾಳದ ತೂಕ ಎರಕ ಹೊಯ್ಯುವ ರೂಢಿ ಇತ್ತು. ಹೆಚ್ಚಾಗಿ ಬಾಣಲೆಗಳಲ್ಲಿ. ವಾಫಲ್ ಅಚ್ಚಿನಲ್ಲಿ ಅಪರೂಪ. ಆದರೂ ಎಲ್ಲಿಂದ ಬಂತೆಂದು ತಿಳಿಯದ ಅಚ್ಚಿಗೆ ಸೀಸ ಪರೀಕ್ಷೆಯ ಕಡ್ಡಿ ಮುಟ್ಟಿಸಿ ನೋಡಿ. ಸೀಸ ಇದೆಯೆಂದು ತೋರಿಸಿದರೆ ಅಡುಗೆಗೆ ಬಳಸುವ ಯೋಚನೆಯನ್ನೇ ಬಿಡಬೇಕು.

ಬಿಚ್ಚುವುದು

ಹಿಡಿ ಎರಡು ಬಗೆ: ಸುರುಳಿ ತಂತಿಯದು, ಮರದ್ದು. ಸುರುಳಿ ತಂತಿಯಾದರೆ ಹಾಗೇ ಬಿಡಬಹುದು. ಮರದ ಹಿಡಿ ಕಡ್ಡಾಯವಾಗಿ ಹೊರಗೆ ಬರಬೇಕು. ಕಾಸ್ಟಿಕ್ ಸೋಡಾ ಮರವನ್ನು ಮೆತ್ತಗೆ ಮಾಡಿ ನಾರು ನಾರಾಗಿಸುತ್ತದೆ. ಸಾಮಾನ್ಯವಾಗಿ ಮರದ ಮಧ್ಯೆ ಒಂದು ಉದ್ದನೆಯ ಸಳಿ ಹೋಗಿ ತಟ್ಟೆಯ ಮೂತಿಗೆ ತಿರುಪಿನಂತೆ ಕೂತಿರುತ್ತದೆ. ತಿರುಪು ತುಕ್ಕಿಗೆ ಕಚ್ಚಿಕೊಂಡಿದ್ದರೆ ಒಳಗಿಳಿಯುವ ಎಣ್ಣೆ ಎರಡು ಹನಿ ಬಿಟ್ಟು ಒಂದು ದಿನ ಕಾಯಿರಿ. ಮತ್ತೆ ಎರಡು ಹನಿ, ಇನ್ನೊಂದು ದಿನ. ಸುತ್ತಿಗೆ ಎತ್ತಬೇಡಿ. ಬೀಡು ಬಾಗುವುದಿಲ್ಲ, ಮುರಿಯುತ್ತದೆ.

ಬಳೆಗೆ ಸಿಕ್ಕಿಸಿರುವ ಎತ್ತುವ ತಂತಿಯನ್ನು ಬಿಚ್ಚಲು ಹೋಗಬೇಡಿ. ಅದನ್ನು ಅಗಲಿಸುವಾಗ ಬಳೆಯ ಕಿವಿ ಮುರಿಯುವ ಅಪಾಯ ಹೆಚ್ಚು, ಬಿಚ್ಚಿದ್ದರಿಂದ ಸಿಗುವ ಲಾಭ ಏನೂ ಇಲ್ಲ. ಎರಡು ತಟ್ಟೆಗಳು ಕಚ್ಚಿಕೊಂಡು ಬಿಡದಿದ್ದರೂ ಬಲ ಹಾಕಬೇಡಿ. ಅವನ್ನು ಹಿಡಿದಿರುವುದು ತುಕ್ಕಿಗಿಂತ ಹೆಚ್ಚಾಗಿ ಹಳೆಯ ಜಿಡ್ಡು. ಮರವನ್ನು ತೆಗೆದು, ಜೋಡಿಯಾಗಿಯೇ ಕಾಸ್ಟಿಕ್ ನೀರಿಗಿಳಿಸಿದರೆ ಎರಡು ಮೂರು ದಿನದಲ್ಲಿ ತಾವಾಗಿಯೇ ಬಿಡುತ್ತವೆ.

ನೀರಿಗಿಳಿಸುವ ಮೊದಲು ಒಂದು ಅಯಸ್ಕಾಂತ ತಂದು ಮೂರೂ ಭಾಗಕ್ಕೆ ಮುಟ್ಟಿಸಿ. ಬಳೆ ಬೀಡು, ತಟ್ಟೆಗಳು ಅಲ್ಯೂಮಿನಿಯಂ ಆಗಿರುವ ಅಚ್ಚುಗಳೂ ಇವೆ. ಜಿಡ್ಡು ಮೆತ್ತಿಕೊಂಡಾಗ ಎರಡೂ ಒಂದೇ ಥರ ಕಪ್ಪಗೆ ಕಾಣುತ್ತವೆ. ಅಲ್ಯೂಮಿನಿಯಂ ಕಾಸ್ಟಿಕ್ ನೀರಿಗೆ ಬಿದ್ದರೆ ಹೈಡ್ರೋಜನ್ ಬಿಡುತ್ತಾ ಕುದಿಯತೊಡಗುತ್ತದೆ, ತಟ್ಟೆ ತಿಂದುಹೋಗುತ್ತದೆ. ಅಯಸ್ಕಾಂತ ಅಂಟದಿದ್ದರೆ ಆ ತಟ್ಟೆಗೆ ಬರೀ ಸೋಪು ನೀರು, ಮೆತ್ತನೆಯ ಬ್ರಷ್ಷು ಅಷ್ಟೇ.

ಕಿಟ್ಟಕ್ಕೆ ಕಾಸ್ಟಿಕ್ ಸೋಡಾ

ಎಣ್ಣೆ ಸುಟ್ಟು ಗಟ್ಟಿಯಾದ ಕಿಟ್ಟವನ್ನು ಕಾಸ್ಟಿಕ್ ಸೋಡಾ ಒಡೆಯುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಎಷ್ಟು ದಿನ ಬಿಟ್ಟರೂ ಹಲ್ಲು ಸವೆಯುವುದಿಲ್ಲ. ವಾಫಲ್ ಅಚ್ಚಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ಗಟ್ಟಿಯಾಗಿ ಹೇಳಬಹುದು.

ಅಳತೆ: 5 ಗ್ಯಾಲನ್ ನೀರಿಗೆ 1 ಪೌಂಡ್, ಅಂದರೆ ಸುಮಾರು 19 ಲೀಟರಿಗೆ 450 ಗ್ರಾಂ. 5 ಗ್ಯಾಲನ್ ಬಕೆಟ್ ಅನ್ನು ಕಂಠಮಟ್ಟ ತುಂಬಿಸುವಂತಿಲ್ಲವಾದ್ದರಿಂದ 15 ಲೀಟರ್ ನೀರಿಗೆ 350 ಗ್ರಾಂ ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಬಕೆಟ್ ಬೇಕು, ಅಲ್ಯೂಮಿನಿಯಂ ಅಥವಾ ಸತುವಿನ ಲೇಪದ ಬಕೆಟ್ ಕೂಡದು. ಪ್ಯಾಕೆಟ್ ಮೇಲೆ ನೂರಕ್ಕೆ ನೂರು ಸೋಡಿಯಂ ಹೈಡ್ರಾಕ್ಸೈಡ್ ಎಂದಿರಬೇಕು. ಮೋರಿ ಶುಚಿಗೊಳಿಸುವ ಕೆಲವು ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರು ಸೇರಿರುತ್ತದೆ, ಅದು ಬೇಡ.

ಮೊದಲು ತಣ್ಣೀರು, ಆಮೇಲೆ ಸೋಡಾ. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಮರದ ಕೋಲಿನಿಂದ ಕಲಕಿ. ಈ ಕ್ರಮ ತಿರುವುಮುರುವಾಗಿ ಸೋಡಾದ ಮೇಲೆ ನೀರು ಸುರಿದರೆ ಕ್ಷಣದಲ್ಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಪಕ್ಕವೂ ಮುಚ್ಚುವ ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಬಕೆಟ್ ಹತ್ತಿರವೂ ಹೋಗಬೇಡಿ. ಚರ್ಮಕ್ಕೆ ತಗುಲಿದರೆ ವಿನೆಗರ್ ಹುಡುಕುತ್ತಾ ಕೂರಬೇಡಿ, ಹರಿಯುವ ನೀರಿನಡಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿ. ಮಕ್ಕಳು, ನಾಯಿ ಬೆಕ್ಕು ಸುಳಿಯದ ಜಾಗದಲ್ಲಿ ಮುಚ್ಚಳ ಬಿಗಿದು ಇಡಿ.

ತಟ್ಟೆಗಳನ್ನು ದಪ್ಪ ತಂತಿಗೆ ಕಟ್ಟಿ, ಹಲ್ಲು ಕೆಳಮುಖವಾಗಿ ಅಥವಾ ನಿಂತ ಭಂಗಿಯಲ್ಲಿ ಇಳಿಬಿಡಿ. ಮೇಲ್ಮುಖವಾಗಿಟ್ಟರೆ ಬಿಟ್ಟ ಕಿಟ್ಟ ಮತ್ತೆ ಕಾಲುವೆಯಲ್ಲೇ ಕೂರುತ್ತದೆ. ಎರಡು ದಿನಕ್ಕೊಮ್ಮೆ ಎತ್ತಿ ನೋಡಿ. ಮೊದಮೊದಲು ಏನೂ ಆಗದಂತೆ ಕಾಣುತ್ತದೆ. ಮೂರನೆಯ ದಿನದ ಹೊತ್ತಿಗೆ ನೀರು ಕಡುಗಪ್ಪು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಹಲ್ಲಿನ ನೆತ್ತಿ ಬೂದು ಬಣ್ಣದಲ್ಲಿ ಇಣುಕುತ್ತದೆ, ಬುಡದಲ್ಲಿ ಮಾತ್ರ ಕಪ್ಪು ಅಂಟು ಉಳಿದಿರುತ್ತದೆ. ಆಗ ಬಿದಿರು ಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆ ಕೆತ್ತಿಕೊಂಡು ಕಾಲುವೆಯುದ್ದಕ್ಕೂ ಎಳೆಯಿರಿ. ಹದವಾಗಿ ನೆನೆದ ಕಿಟ್ಟ ಹುಣಸೆಹಣ್ಣಿನ ಗಸಿಯಂತೆ ಮುದ್ದೆಯಾಗಿ ಬರುತ್ತದೆ. ಬರದೆ ಕರಕರ ಅಂದರೆ ಇನ್ನೂ ನೆನೆದಿಲ್ಲ, ಮತ್ತೆ ಇಳಿಬಿಡಿ. ಒಂದು ವಾರದಿಂದ ಎರಡು ವಾರ ಹಿಡಿಯುವುದು ಸಾಮಾನ್ಯ. ಚಳಿಗಾಲದಲ್ಲಿ ಗರಾಜಿನಲ್ಲಿಟ್ಟರೆ ಇನ್ನೂ ನಿಧಾನ, ಏಕೆಂದರೆ ತಣ್ಣಗಾದಷ್ಟೂ ಕಾಸ್ಟಿಕ್ ಸೋಡಾ ಮಂದವಾಗುತ್ತದೆ.

ಉಜ್ಜಲು ಹಿತ್ತಾಳೆ ಕೂದಲಿನ ಸಣ್ಣ ಬ್ರಷ್ ಸಾಕು. ಹಿತ್ತಾಳೆ ಬೀಡಿಗಿಂತ ಮೃದು, ಗೀರು ಬೀಳುವುದಿಲ್ಲ. ಡ್ರಿಲ್ಲಿಗೆ ಸಿಕ್ಕಿಸುವ ಉಕ್ಕಿನ ತಂತಿಯ ಚಕ್ರವನ್ನು ಹಲ್ಲಿಗೆ ಮುಟ್ಟಿಸಲೇಬಾರದು. ಐದು ನಿಮಿಷದಲ್ಲಿ ಹಲ್ಲಿನ ಅಂಚು ಮೊಂಡಾಗಿ ನೆತ್ತಿ ಹೊಳೆಯತೊಡಗುತ್ತದೆ. ಹಾಗೆ ನುಣ್ಣಗೆ ಪಾಲಿಶ್ ಆದ ಜಾಗಕ್ಕೆ ಎಣ್ಣೆಯ ಪದರ ಹಿಡಿಯುವುದೂ ಕಷ್ಟ. ಮರಳು ಸಿಡಿಸಿ ಶುಚಿಮಾಡುವುದು ಇದಕ್ಕಿಂತ ಕೆಟ್ಟದ್ದು, ನೂರು ವರ್ಷದ ಎರಕದ ಮೈಯನ್ನೇ ಕಿತ್ತುಹಾಕುತ್ತದೆ. ಸೌದೆ ಬೆಂಕಿಯಲ್ಲಿ ಸುಡುವುದು, ಓವನ್ನಿನ ತಾನೇ ಶುಚಿಯಾಗುವ ಸೈಕಲ್ಲಿನಲ್ಲಿ ಇಡುವುದು ಎರಡನ್ನೂ ಬಹಳ ಜನ ಸಲಹೆ ಮಾಡುತ್ತಾರೆ. ತೆಳು ತಟ್ಟೆ ಸೊಟ್ಟಗಾಗುವುದಕ್ಕೆ, ಬಿರುಕು ಬಿಡುವುದಕ್ಕೆ ಆ ಒಂದು ಸಲದ ಬಿಸಿ ಸಾಕು.

ಬಕೆಟ್ ಇಡಲು ಜಾಗವಿಲ್ಲದವರು ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಸಿಂಪಡಿಸಿ, ದಪ್ಪ ಕಸದ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ದಿನ ಇಟ್ಟು ತೊಳೆಯಬಹುದು. ವಾಫಲ್ ಅಚ್ಚಿಗೆ ಇದನ್ನು ನಾಲ್ಕೈದು ಸಲ ಮಾಡಬೇಕಾಗುತ್ತದೆ, ನೊರೆ ಮೂಲೆಗಿಳಿಯುವಷ್ಟರಲ್ಲಿ ಒಣಗಿಬಿಡುತ್ತದೆ.

ತುಕ್ಕಿಗೆ

ಕಾಸ್ಟಿಕ್ ಸೋಡಾ ತುಕ್ಕನ್ನು ಬಿಡಿಸುವುದಿಲ್ಲ. ಕಿಟ್ಟ ಹೋದ ಮೇಲೆ ಕೆಂಪು ಉಳಿದಿದ್ದರೆ ಎರಡು ದಾರಿ.

ತೆಳು ತುಕ್ಕಾದರೆ ವಿನೆಗರ್. ಅಂಗಡಿಯ ಶೇಕಡಾ 5ರ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಮುಳುಗಿಸಿ, ಅರ್ಧ ಗಂಟೆಗೆ ತೆಗೆದು ಬ್ರಷ್ ಹಾಕಿ, ಬೇಕಿದ್ದರೆ ಇನ್ನರ್ಧ ಗಂಟೆ. ರಾತ್ರಿಯಿಡೀ ಬಿಡುವುದು ದೊಡ್ಡ ತಪ್ಪು. ತುಕ್ಕು ಮುಗಿದ ಮೇಲೆ ಆಮ್ಲ ಕಬ್ಬಿಣವನ್ನೇ ತಿನ್ನುತ್ತದೆ, ಮೊದಲು ಹೋಗುವುದು ಹಲ್ಲಿನ ಚೂಪಾದ ಅಂಚು. ತೆಗೆದ ಕೂಡಲೇ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದರೆ ಮೂಲೆಯಲ್ಲಿ ಉಳಿದ ಹುಳಿ ಸಾಯುತ್ತದೆ. ಕಾಸ್ಟಿಕ್ ನೀರಿನಿಂದ ಎತ್ತಿದ್ದನ್ನು ಚೆನ್ನಾಗಿ ತೊಳೆಯದೆ ನೇರವಾಗಿ ವಿನೆಗರ್‌ಗೆ ಹಾಕಬೇಡಿ.

ದಪ್ಪ ತುಕ್ಕಾದರೆ ವಿದ್ಯುತ್ತಿನ ದಾರಿ, ಎಲೆಕ್ಟ್ರಾಲಿಸಿಸ್. 12 ವೋಲ್ಟಿನ ಕಾರ್ ಬ್ಯಾಟರಿ ಚಾರ್ಜರ್ ಬೇಕು, ಅದೂ ಹಳೆಯ ಕೈಯಿಂದ ನಡೆಸುವ ಬಗೆಯದು. ತಾನೇ ಬ್ಯಾಟರಿ ಗುರುತಿಸುವ ಹೊಸ ಚಾರ್ಜರುಗಳು ಬಕೆಟ್ಟಿನಲ್ಲಿ ಬ್ಯಾಟರಿ ಕಾಣದೆ ಶುರುವೇ ಆಗುವುದಿಲ್ಲ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ಪ್ರತಿ ಗ್ಯಾಲನ್ನಿಗೆ, ಅಂದರೆ ಹೆಚ್ಚುಕಡಿಮೆ 4 ಲೀಟರಿಗೆ, 1 ದೊಡ್ಡ ಚಮಚ ವಾಷಿಂಗ್ ಸೋಡಾ. ಚಾರ್ಜರಿನ ಋಣ ತುದಿ ಅಚ್ಚಿಗೆ, ಧನ ತುದಿ ಬಲಿ ಕೊಡುವ ಸಾದಾ ಉಕ್ಕಿನ ತಗಡಿಗೆ. ಇದು ಅದಲುಬದಲಾದರೆ ಕರಗುವುದು ನಿಮ್ಮ ಅಚ್ಚು, ಆದ್ದರಿಂದ ಸ್ವಿಚ್ ಹಾಕುವ ಮೊದಲು ಎರಡು ಸಲ ನೋಡಿ. ತಗಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು. ಅದರೊಳಗಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಸತುವಿನ ಲೇಪದ್ದೂ ಬೇಡ.

ವಾಫಲ್ ಅಚ್ಚಿಗೆ ಇಲ್ಲೊಂದು ವಿಶೇಷ ತೊಡಕು ಇದೆ. ಈ ವಿಧಾನ ತಗಡಿಗೆ ಎದುರಾಗಿರುವ ಮೈಯಲ್ಲಿ ಚುರುಕು, ಮರೆಯಲ್ಲಿ ನಿಧಾನ. ಹಲ್ಲಿನ ಮುಖ ತಗಡಿಗೆ ನೇರ ಎದುರಾಗಿ ನಿಲ್ಲಬೇಕು. ತೊಟ್ಟಿಯ ಎರಡೂ ಬದಿಗೆ ತಗಡಿಟ್ಟು ನಡುವೆ ತಟ್ಟೆಯನ್ನು ತೂಗುಹಾಕಿದರೆ ಹಿಂದೂ ಮುಂದೂ ಒಟ್ಟಿಗೆ ಆಗುತ್ತದೆ. ತಟ್ಟೆಗೆ ತಗಡು ತಾಗಿದರೆ ಶಾರ್ಟ್ ಆಗುತ್ತದೆ. ಕ್ಲಿಪ್ ಕಚ್ಚುವ ಜಾಗವನ್ನು ಮಾತ್ರ ಮೊದಲೇ ಉಜ್ಜಿ ಲೋಹ ಕಾಣುವಂತೆ ಮಾಡಿರಿ, ತುಕ್ಕಿನ ಮೇಲೆ ಕಚ್ಚಿದರೆ ವಿದ್ಯುತ್ ಹರಿಯುವುದಿಲ್ಲ. ಸರಿಯಾಗಿ ನಡೆಯುತ್ತಿದ್ದರೆ ತಟ್ಟೆಯಿಂದ ಸೋಡಾ ಬಾಟಲಿಯಂತೆ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಹೈಡ್ರೋಜನ್. ಹಾಗಾಗಿ ಬಯಲಲ್ಲಿ ಅಥವಾ ಬಾಗಿಲು ಪೂರ್ತಿ ತೆರೆದ ಗರಾಜಿನಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ. ಕೈ ಹಾಕುವ ಮೊದಲು ಪ್ಲಗ್ ಕೀಳಿ. ಆರು ಗಂಟೆಯಿಂದ ಒಂದು ದಿನ ಹಿಡಿಯಬಹುದು. ಹೊರಗೆ ಬಂದಾಗ ಮೈಮೇಲೆ ಕಪ್ಪು ಮಸಿ ಇರುತ್ತದೆ, ಬ್ರಷ್ಷಿಗೆ ಸುಲಭವಾಗಿ ಹೋಗುತ್ತದೆ. ನಿಕಲ್ ಲೇಪ ಸುಲಿಯುತ್ತಿರುವ ಅಚ್ಚಿಗೆ ಈ ದಾರಿ ಬೇಡ, ಉಳಿದ ಲೇಪವೂ ಎದ್ದುಬರಬಹುದು.

ಒಣಗಿಸುವ ಹತ್ತು ನಿಮಿಷ

ಬೆತ್ತಲೆ ಬೀಡು ಒದ್ದೆಯಿದ್ದರೆ ನೋಡನೋಡುತ್ತಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೊನೆಯ ತೊಳೆತ ಆದಷ್ಟು ತಣ್ಣೀರಿನಲ್ಲಿರಲಿ, ಬಿಸಿನೀರಿನಲ್ಲಿ ತುಕ್ಕು ಇನ್ನೂ ಬೇಗ ಏಳುತ್ತದೆ. ಟವೆಲಿಗೆ ಹಲ್ಲಿನ ಕಡೆಯಿಂದ ಒತ್ತಿ, ಕುಟ್ಟಿ, ನೀರು ಕೊಡವಿ. ಆಮೇಲೆ ಹೇರ್ ಡ್ರೈಯರ್ ಹಿಡಿದು ಕಾಲುವೆಗಳಲ್ಲಿ ಮೊದಲು ಉದ್ದಕ್ಕೂ ಆಮೇಲೆ ಅಡ್ಡಕ್ಕೂ ಗಾಳಿ ಓಡಿಸಿ. ಕೂಡಲೇ 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 95 ಸೆಲ್ಸಿಯಸ್‌ನ ಓವನ್ನಿಗೆ, ಅರ್ಧ ಗಂಟೆ. ಇಷ್ಟಾದರೂ ಬಿಳಿ ಬಟ್ಟೆಗೆ ಒಂಚೂರು ಕೆಂಪು ಹತ್ತಿದರೆ ಎದೆಗುಂದಬೇಡಿ, ಎಣ್ಣೆ ಹಚ್ಚಿ ಒರೆಸುವಾಗ ಅದು ಬಟ್ಟೆಯ ಜೊತೆ ಬರುತ್ತದೆ.

ಪಳಗಿಸುವುದು

ಪಳಗಿಸುವುದೆಂದರೆ ಎಣ್ಣೆ ಕುಡಿಸುವುದಲ್ಲ. ತೆಳ್ಳನೆಯ ಎಣ್ಣೆಯ ಪದರ ಬಿಸಿಗೆ, ಗಾಳಿಗೆ ಸಿಕ್ಕು ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುವುದು. ಹೆಣೆದುಕೊಳ್ಳಬೇಕಾದರೆ ಆ ಎಣ್ಣೆ ಒಣಗುವ ಸ್ವಭಾವದ್ದಾಗಿರಬೇಕು. ನಮ್ಮ ಮನೆಗಳಲ್ಲಿ ಕಾವಲಿಗೆ ಹಚ್ಚುವ ತೆಂಗಿನೆಣ್ಣೆ, ತುಪ್ಪ ಇವು ಬೇಯಿಸುವಾಗ ಸೊಗಸು, ಆದರೆ ಬಹುಪಾಲು ಸ್ಯಾಚುರೇಟೆಡ್ ಕೊಬ್ಬಾದ್ದರಿಂದ ಮೊದಲ ಪೊರೆ ಕಟ್ಟಲು ಒಳ್ಳೆಯವಲ್ಲ. ಸೂರ್ಯಕಾಂತಿ, ಕ್ಯಾನೋಲಾ, ದ್ರಾಕ್ಷಿಬೀಜದ ಎಣ್ಣೆ, ಉತ್ತರ ಕರ್ನಾಟಕದವರ ಕುಸುಬಿ ಎಣ್ಣೆ ಎಲ್ಲವೂ ಆಗುತ್ತವೆ. ಕುಸುಬಿ, ಸೂರ್ಯಕಾಂತಿ ಕೊಳ್ಳುವಾಗ ಬಾಟಲಿಯ ಮೇಲೆ ಹೈ ಓಲಿಕ್ ಎಂದಿದ್ದರೆ ಅದು ಒಣಗುವುದು ಕಡಿಮೆ, ಸಾದಾ ಬಗೆಯದೇ ಮೇಲು. ಅಗಸೆ ಎಣ್ಣೆಯನ್ನು ಹೊಗಳುವವರಿದ್ದಾರೆ. ಅದರ ಪೊರೆ ಗಾಜಿನಂತೆ ಹೊಳೆಯುತ್ತದೆ ನಿಜ, ಆದರೆ ಪೆಡಸು. ವಾಫಲ್ ಹಲ್ಲಿನ ಅಂಚಿನಲ್ಲಿ ಚಕ್ಕೆಚಕ್ಕೆಯಾಗಿ ಎದ್ದು ತಿಂಡಿಗೆ ಅಂಟುತ್ತದೆ.

ತಟ್ಟೆಗಳನ್ನು 95 ಸೆಲ್ಸಿಯಸ್ ಓವನ್ನಿನಿಂದ ಬಿಸಿಯಾಗಿಯೇ ತೆಗೆಯಿರಿ. ಒಂದು ತಟ್ಟೆಯ ಎರಡೂ ಬದಿಗೆ ಅರ್ಧ ಟೀ ಚಮಚ ಎಣ್ಣೆ ಧಾರಾಳ. ಬ್ರಷ್ಷಿನಿಂದ ಎಲ್ಲ ಕಡೆ ಮುಟ್ಟಿಸಿ. ಈಗ ಅಷ್ಟನ್ನೂ ತೆಗೆಯಬೇಕು, ತಪ್ಪಾಗಿ ಹಚ್ಚಿದ್ದನ್ನು ಒರೆಸುವ ಹಾಗೆ. ನೂಲು ಬಿಡದ ಹತ್ತಿ ಬಟ್ಟೆಯನ್ನು ಬಿದಿರು ಕಡ್ಡಿಗೆ ಸುತ್ತಿ ಒಂದೊಂದೇ ಕಾಲುವೆಯಲ್ಲಿ ಎಳೆಯಿರಿ, ಉದ್ದಕ್ಕೆ ಮುಗಿಸಿ ಅಡ್ಡಕ್ಕೆ. ಬಟ್ಟೆ ಮೂಲೆಯ ತುದಿಗೆ ಹೋಗುವುದಿಲ್ಲ. ಅದಕ್ಕೆ ಒಣ ಬ್ರಷ್ಷೇ ಬೇಕು: ಕೂದಲ ತುದಿಯನ್ನು ಹಲ್ಲಿನ ಬುಡಕ್ಕೆ ನೇರವಾಗಿ ಊರಿ ಎರಡು ಕ್ಷಣ ಹಿಡಿಯಿರಿ, ನಿಂತ ಎಣ್ಣೆಯನ್ನು ಕೂದಲು ಬತ್ತಿಯಂತೆ ಹೀರಿಕೊಳ್ಳುತ್ತದೆ. ಬ್ರಷ್ಷನ್ನು ಬಟ್ಟೆಗೆ ಒತ್ತಿ ಒಣಗಿಸಿ ಮುಂದಿನ ಸಾಲಿಗೆ ಹೋಗಿ. ಒಂದು ತಟ್ಟೆಗೆ ಹದಿನೈದು ನಿಮಿಷ ಹಿಡಿಯುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ಬೇಸರದ, ಅತ್ಯಂತ ಮುಖ್ಯವಾದ ಹದಿನೈದು ನಿಮಿಷ ಇದು.

ಆಮೇಲೆ 300 ಫ್ಯಾರನ್‌ಹೀಟ್, ಅಂದರೆ 150 ಸೆಲ್ಸಿಯಸ್‌ಗೆ ಹತ್ತು ನಿಮಿಷ ಇಟ್ಟು ಮತ್ತೆ ಹೊರತೆಗೆಯಿರಿ. ಬಿಸಿಗೆ ಎಣ್ಣೆ ತೆಳುವಾಗಿ ಮತ್ತೆ ಬುಡಕ್ಕಿಳಿದಿರುವುದು ಕಾಣುತ್ತದೆ. ದಪ್ಪ ಗ್ಲೌಸ್ ಹಾಕಿಕೊಂಡು ಇನ್ನೊಮ್ಮೆ ಒರೆಸಿ. ಬಳಿಕ ಹಲ್ಲು ಕೆಳಮುಖವಾಗಿ ಜಾಲರಿಯ ಮೇಲಿಟ್ಟು 450 ಫ್ಯಾರನ್‌ಹೀಟ್, ಅಂದರೆ ಸುಮಾರು 230 ಸೆಲ್ಸಿಯಸ್‌ನಲ್ಲಿ ಒಂದು ಗಂಟೆ. ತಟ್ಟೆಗಳು ಬಿಡಿಬಿಡಿಯಾಗಿರಲಿ, ಜೋಡಿಸಿ ಮುಚ್ಚಿದರೆ ಒಳಗಿನ ಮೈಗೆ ಗಾಳಿ ಸಿಗದೆ ಅಂಟಂಟಾಗುತ್ತದೆ. ಓವನ್ ಆರಿಸಿ ಒಳಗೇ ತಣಿಯಲು ಬಿಡಿ. ಹೀಗೆ ಮೂರರಿಂದ ನಾಲ್ಕು ಸುತ್ತು. ತಳದ ಬಳೆಗೆ ಒಂದೆರಡು ಸುತ್ತು ಸಾಕು. ಗುಂಡು ಕೂರುವ ಗುಳಿಯಲ್ಲಿ ಎಣ್ಣೆ ಗಟ್ಟಿಯಾಗಿ ನಿಂತರೆ ಅಚ್ಚು ತಿರುಗದು, ಅದನ್ನು ಒರೆಸಿಟ್ಟಿರಿ. ಅಲ್ಲಿಗೆ ಯಂತ್ರದ ಎಣ್ಣೆ ಹಾಕಬೇಡಿ, ಅಡುಗೆ ಎಣ್ಣೆಯ ಒಂದು ಒರೆತ ಸಾಕು.

ಮೊದಲ ಸುತ್ತಿನ ನಂತರ ಕಂದು ಕಂಚಿನ ಬಣ್ಣ ಬಂದರೆ ಅದು ಸರಿಯಾದದ್ದೇ. ಕಪ್ಪು ಬರಲೆಂದು ಹೆಚ್ಚು ಎಣ್ಣೆ ಹಚ್ಚಬೇಡಿ, ಬಳಸುತ್ತಾ ಬಳಸುತ್ತಾ ತಾನೇ ಕಪ್ಪಾಗುತ್ತದೆ. ಹಲ್ಲಿನ ಬುಡದಲ್ಲಿ ಬೆಲ್ಲದ ಪಾಕದಂಥ ಕಂದು ಹನಿಗಳು ಅಂಟಂಟಾಗಿ ನಿಂತಿದ್ದರೆ ಎಣ್ಣೆ ಹೆಚ್ಚಾಗಿದೆ. ಮತ್ತೆ ಎಣ್ಣೆ ಹಚ್ಚದೆ ಇನ್ನೊಂದು ಗಂಟೆ 230ರಲ್ಲಿಡಿ. ಆಗಲೂ ಅಂಟು ಹೋಗದಿದ್ದರೆ ಹಿತ್ತಾಳೆ ಬ್ರಷ್ಷಿನಿಂದ ತೆಗೆಯಿರಿ, ಅದಕ್ಕೂ ಬಗ್ಗದಿದ್ದರೆ ಕಾಸ್ಟಿಕ್ ಬಕೆಟ್ಟಿಗೆ ವಾಪಸ್. ಅದರ ಮೇಲೆಯೇ ಇನ್ನೊಂದು ಪದರ ಹಚ್ಚಿ ಮುಚ್ಚಿಬಿಡುವ ಆಸೆ ಬೇಡ, ಮೊದಲ ವಾಫಲ್ ಆ ಹನಿಗಳನ್ನೇ ಹಿಡಿದುಕೊಳ್ಳುತ್ತದೆ.

ಮರದ ಹಿಡಿಗೆ ಸಣ್ಣ ಮರಳುಕಾಗದದಿಂದ ಉಜ್ಜಿ, ಕಚ್ಚಾ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ ತೆಳುವಾಗಿ ಎರಡು ಮೂರು ಸಲ ಹಚ್ಚಿ ದಿನಗಟ್ಟಲೆ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ. ತಟ್ಟೆಯ ಕಡೆಯ ಕುತ್ತಿಗೆ ಸುಟ್ಟು ಕರಿಕಲಾಗಿದ್ದರೆ ಮೇಪಲ್ ಮರದಲ್ಲಿ ಹೊಸದು ಕಡೆಸುವುದೇ ಒಳ್ಳೆಯದು.

ಮೊದಲ ಹತ್ತು ವಾಫಲ್

ತಳದ ಬಳೆ ತಗ್ಗಿನದೋ ಎತ್ತರದ್ದೋ ನೋಡಿ ಒಲೆ ಆರಿಸಬೇಕು. ತಗ್ಗಿನ ಬಳೆ ಸೌದೆ ಒಲೆಯ ಬಾಯಿಯ ಮುಚ್ಚಳ ತೆಗೆದು ಅಲ್ಲಿ ಕೂರಿಸಲು ಮಾಡಿದ್ದು. ಗ್ಯಾಸ್ ಮೇಲಿಟ್ಟರೆ ತಟ್ಟೆಗೆ ಜ್ವಾಲೆ ಬಹಳ ಹತ್ತಿರವಾಗಿ ನಡು ಸೀದು ಅಂಚು ಹಸಿಯಾಗುತ್ತದೆ, ಉರಿ ತೀರಾ ಸಣ್ಣದಿರಬೇಕು. ಎತ್ತರದ ಬಳೆ ಗ್ಯಾಸಿಗೆ ಸರಿಹೊಂದುತ್ತದೆ. ಇಂಡಕ್ಷನ್ ಒಲೆಯಲ್ಲಿ ಎರಡೂ ನಡೆಯುವುದಿಲ್ಲ. ತಟ್ಟೆ ಒಲೆಯ ಮೈಗೆ ತಾಗುವುದೇ ಇಲ್ಲವಾದ್ದರಿಂದ ಬಿಸಿಯಾಗುವುದು ಬಳೆ ಮಾತ್ರ.

ಮುಚ್ಚಿದ ಅಚ್ಚನ್ನು ಮಧ್ಯಮ ಉರಿಯಲ್ಲಿ ಒಂದು ಬದಿ ನಾಲ್ಕು ನಿಮಿಷ, ಮಗುಚಿ ಇನ್ನೊಂದು ಬದಿ ನಾಲ್ಕು ನಿಮಿಷ, ಮತ್ತೆ ಎರಡೆರಡು ನಿಮಿಷ. ನೀರಿನ ಹನಿ ಬಿಟ್ಟರೆ ಗುಂಡಾಗಿ ಓಡಬೇಕು. ದೋಸೆ ಕಾವಲಿಗೆ ನೋಡುವ ಅದೇ ಹದ. ಎರಡೂ ತಟ್ಟೆಗೆ ಕರಗಿದ ತುಪ್ಪ ಅಥವಾ ವನಸ್ಪತಿಯನ್ನು ಬ್ರಷ್ಷಿನಿಂದ ಹಚ್ಚಿ. ಡಬ್ಬಿಯಿಂದ ಸಿಂಪಡಿಸುವ ಎಣ್ಣೆ ಬೇಡ. ಅದರಲ್ಲಿನ ಲೆಸಿಥಿನ್ ಕಾಲುವೆಗಳಲ್ಲಿ ಅಂಟಾಗಿ ಉಳಿಯುತ್ತದೆ.

ಹೊಸದಾಗಿ ಪಳಗಿಸಿದ ಅಚ್ಚಿಗೆ ಸಕ್ಕರೆ ಇಲ್ಲದ, ಬೆಣ್ಣೆ ಜಾಸ್ತಿ ಇರುವ ಹಿಟ್ಟು ಬೇಕು. ಮೈದಾ 240 ಗ್ರಾಂ, ಬೇಕಿಂಗ್ ಪೌಡರ್ 1 ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ, ಮೊಟ್ಟೆ 2, ಹಾಲು 420 ಮಿಲಿ, ಕರಗಿಸಿದ ಬೆಣ್ಣೆ 115 ಗ್ರಾಂ. ಸಕ್ಕರೆ ಬಿಸಿಗೆ ಪಾಕವಾಗಿ ಹಲ್ಲಿಗೆ ಅಂಟುವುದರಿಂದ ಮೊದಲ ಕೆಲವು ಸಲ ಅದನ್ನು ಮುಟ್ಟಬೇಡಿ. ನಂಬರ್ 8ರ ಅಚ್ಚಿಗೆ ಅರ್ಧ ಕಪ್ ಹಿಟ್ಟು ನಡುವಿಗೆ ಸುರಿದು, ಅಂಚಿನಲ್ಲಿ ಒಂದು ಇಂಚು ಖಾಲಿ ಬಿಟ್ಟು, ಮುಚ್ಚಿ. ಒಂದು ನಿಮಿಷಕ್ಕೆ ಮಗುಚಿ, ಆಮೇಲೆ ಎರಡು ನಿಮಿಷ, ಮತ್ತೆ ಮಗುಚಿ ಒಂದೂವರೆ ನಿಮಿಷ. ಅಂಚಿನ ಸಂದಿನಿಂದ ಏಳುವ ಆವಿ ಪೂರ್ತಿ ನಿಲ್ಲುವವರೆಗೆ ತೆರೆಯಬೇಡಿ. ಬೇಯುವ ಮೊದಲೇ ತೆರೆದರೆ ವಾಫಲ್ ಅಡ್ಡಡ್ಡ ಸೀಳಿ ಅರ್ಧ ಮೇಲೆ, ಅರ್ಧ ಕೆಳಗೆ ಉಳಿಯುತ್ತದೆ. ಹಾಗಾದರೆ ತಪ್ಪು ಅಚ್ಚಿನದ್ದೆಂದು ಮತ್ತೆ ಶುರುವಿನಿಂದ ಪಳಗಿಸಲು ಹೋಗುವವರಿದ್ದಾರೆ. ಮೊದಲು ಒಂದು ನಿಮಿಷ ಹೆಚ್ಚು ಬೇಯಿಸಿ ನೋಡಿ. ಮೊದಲೆರಡು ಅಂಟುವುದು ಸಹಜ, ಐದಾರನೆಯದು ತಾನಾಗಿ ಏಳುತ್ತದೆ.

ಉಳಿದ ದೋಸೆ ಹಿಟ್ಟನ್ನು ಇದರಲ್ಲಿ ಹುಯ್ಯುವ ಆಸೆ ಎಲ್ಲರಿಗೂ ಬರುತ್ತದೆ, ಗರಿಗರಿಯಾಗಿ ಚೆನ್ನಾಗಿಯೂ ಬರುತ್ತದೆ. ಆದರೆ ಅದರಲ್ಲಿ ಬೆಣ್ಣೆಯಿಲ್ಲ, ಹುಳಿ ಇದೆ. ಹತ್ತಾರು ಸಲ ಬೆಣ್ಣೆಯ ವಾಫಲ್ ಆದ ಮೇಲೆ, ಹಿಟ್ಟಿಗೆ ಎರಡು ಚಮಚ ಎಣ್ಣೆ ಕಲಸಿ ಹುಯ್ದರೆ ಅಚ್ಚಿನ ಪೊರೆಗೂ ಕೇಡಿಲ್ಲ.

ಕೆಲಸ ಮುಗಿದ ಮೇಲೆ ಬಿಸಿ ಅಚ್ಚಿಗೆ ತಣ್ಣೀರು ತಾಗಿಸಬೇಡಿ, ಠಪ್ಪೆಂದು ಬಿರುಕು ಬಿಡುತ್ತದೆ. ಬೆಚ್ಚಗಿರುವಾಗ ಒಣ ಬ್ರಷ್ಷಿನಿಂದ ಚೂರುಪಾರು ಗುಡಿಸಿ. ಪ್ರತಿ ಸಲ ತೊಳೆಯಬೇಕಿಲ್ಲ. ತೊಳೆದರೆ ಒಲೆಯ ಮೇಲೆ ಪೂರ್ತಿ ಒಣಗಿಸಿ. ಎತ್ತಿಡುವಾಗ ಎರಡು ತಟ್ಟೆಗಳ ನಡುವೆ ಒಂದು ಮಡಿಕೆ ಕಾಗದ ಇಟ್ಟರೆ ತೇವ ನಿಲ್ಲುವುದಿಲ್ಲ.

ಗ್ರಿಸ್ವೋಲ್ಡ್‌ನ ನಂಬರ್ 32 ಎಂಬ ಏಳು ಗುಳಿಯ ಕಾವಲಿಯೂ ಇದೇ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಡೆನ್ಮಾರ್ಕಿನ ಗುಂಡನೆಯ ಸಿಹಿ ತಿಂಡಿಗೆಂದು ಮಾಡಿದ್ದು, ನೋಡಿದರೆ ನಮ್ಮ ಪಡ್ಡಿನ ಕಾವಲಿಯೇ. ಅದಕ್ಕೂ ಊರಿನಿಂದ ತಂದ ಹಳೆಯ ಬೀಡಿನ ಗುಳಿಯಪ್ಪದ ಕಾವಲಿಗೂ ಮೇಲಿನ ಕಾಸ್ಟಿಕ್ ನೀರಿನ, ಎಣ್ಣೆ ಒರೆಸುವ ಕ್ರಮ ಹಾಗೆಯೇ ಅನ್ವಯಿಸುತ್ತದೆ. ಒಂದೇ ವ್ಯತ್ಯಾಸ, ಪಳಗಿಸುವಾಗ ಗುಳಿಗಳನ್ನು ಕೆಳಮುಖ ಮಾಡಿಟ್ಟರೆ ಎಣ್ಣೆ ತಳದಲ್ಲಿ ನಿಲ್ಲದೆ ಅಂಚಿಗೆ ಇಳಿದು ಅಲ್ಲಿ ಹನಿಗಟ್ಟುತ್ತದೆ. ಅದಕ್ಕಾಗಿ 150 ಸೆಲ್ಸಿಯಸ್‌ನ ಎರಡನೇ ಒರೆತದಲ್ಲಿ ಪ್ರತಿ ಗುಳಿಯ ಬಾಯಿಯ ಸುತ್ತ ಬಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು.